ಉದ್ಘಾಟನೆಯಾಗದ ಆಪರೇಷನ್ ಕೋಣೆ

ನಾನು ರಾಜಕೀಯಕ್ಕೆ ಬಂದದ್ದು ಒಂದು ಆಪರೇಷನ್ ಕೋಣೆಗಾಗಿ. ಹೀಗೆಂದರೆ ಜನ ನಗುತ್ತಾರೆ. ಶಾಸಕನಾಗಿದ್ದವನು ಇಷ್ಟು ಸಣ್ಣ ಆಸೆ ಇಟ್ಟುಕೊಂಡಿದ್ದ ಎಂದರೆ ಯಾರು ನಂಬುತ್ತಾರೆ? ನನ್ನ ಹೆಂಡತಿಯೇ ನಂಬುವುದಿಲ್ಲ. "ಒಂದ ಕೋಣಿ ಬೇಕಾಗಿದ್ರ ಮನಿ ಮಾಳಗಿ ಮ್ಯಾಲ ಕಟ್ಟಿಸ್ಕೊಬಹುದಿತ್ತಲ್ರೀ, ಇಷ್ಟ ಮಂದಿ ಕಾಲ ಹಿಡಿಯೂದು ತಪ್ಪತಿತ್ತು" ಎಂದು ಈಗಲೂ ಕುಟುಕುತ್ತಾಳೆ.

ನಾನು ಹುಟ್ಟಿದ್ದು ಬೆಳಗಾವಿಯಲ್ಲೇ, ವಡಗಾವಿಯ ಓಣಿಯಲ್ಲಿ, ಮಗ್ಗಗಳ ಸಪ್ಪಳದಲ್ಲಿ. ಓದಿ ಹೆರಿಗೆ ಡಾಕ್ಟರನಾದೆ, ಸರ್ಕಾರಿ ನೌಕರಿ ಸೇರಿದೆ. ಖಾನಾಪುರ ತಾಲೂಕಿನ ಕಾಡಿನ ಮಗ್ಗುಲಿನ ಒಂದು ದೊಡ್ಡ ಹಳ್ಳಿಯ ಆಸ್ಪತ್ರೆಗೆ ನನ್ನನ್ನು ಹಾಕಿದರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿನ ಅರ್ಧ ಜನ ನನ್ನ ಮೇಲೆ ಇನ್ನೂ ಸಿಟ್ಟಿನಲ್ಲಿದ್ದಾರೆ. ಆ ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಮಾಡಿಸಬಹುದಿತ್ತು, ಅಷ್ಟೇ. ಹೊಟ್ಟೆ ಕೊಯ್ದು ಕೂಸನ್ನು ತೆಗೆಯಬೇಕೆಂದರೆ ಮೊದಲು ತಾಯಿಗೆ ಅರಿವಳಿಕೆ ಕೊಡುವ ಡಾಕ್ಟರ್ ಬೇಕು, ಅದಕ್ಕೆ ತಕ್ಕ ಕೋಣೆ ಬೇಕು. ಎರಡೂ ಇರಲಿಲ್ಲ. ಕತ್ತರಿ ಹಿಡಿಯಲು ಬರುವ ನಾನು ಕೈಕಟ್ಟಿ ನಿಂತು "ಬೆಳಗಾವಿಗೆ ಒಯ್ಯಿರಿ" ಎಂದು ಚೀಟಿ ಬರೆಯುತ್ತಿದ್ದೆ.

ಬೆಳಗಾವಿ ದೂರವೇನಲ್ಲ, ಬಸ್ಸಿನಲ್ಲಿ ಕುಳಿತು ಕಡಲೆ ತಿನ್ನುತ್ತ ಹೋಗುವವರಿಗೆ. ಹೆರಿಗೆ ಬ್ಯಾನಿ ತಿನ್ನುತ್ತಿರುವ ಹೆಣ್ಣುಮಗಳಿಗೆ ಅದು ಬೇರೆಯೇ ರಸ್ತೆ. ಕಾಡಿನ ಹಾದಿ ದಾಟಿ ಖಾನಾಪುರಕ್ಕೆ ಬರಬೇಕು, ಅಲ್ಲಿಂದ ಹೆದ್ದಾರಿ ಹಿಡಿಯಬೇಕು, ಊರು ಬಂತೆನ್ನುವಾಗ ಉದ್ಯಮಬಾಗದಲ್ಲಿ ಕಾರ್ಖಾನೆಗಳ ಶಿಫ್ಟ್ ಬಿಟ್ಟಿರುತ್ತದೆ. ಬೈಕುಗಳ ನಡುವೆ ಆಂಬುಲೆನ್ಸ್ ಬಾಯಿ ಬಡಿದುಕೊಳ್ಳುತ್ತ ನಿಲ್ಲುತ್ತದೆ. ನಾನೂ ಜೊತೆಗೆ ಹತ್ತಿದ್ದ ಒಂದು ಸಲ, ಹಾಗೆ ನಿಂತಾಗಲೇ ಒಬ್ಬಳು ನನ್ನ ಕಣ್ಣೆದುರಿಗೇ ತೀರಿಕೊಂಡಳು. ರಕ್ತ ನಿಲ್ಲಿಸಲು ನಾನು ಮಾಡಬಹುದಾದದ್ದನ್ನೆಲ್ಲ ಮಾಡಿದ್ದೆ. ಬೇಕಾಗಿದ್ದದ್ದು ಮಾತ್ರ ನಾವು ಬಿಟ್ಟು ಬಂದ ಊರಿನಲ್ಲಿ ಇರಲಿಲ್ಲ. ಅವಳ ಅಣ್ಣ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ನೌಕರಿ ಬಿಡುತ್ತಿರಲಿಲ್ಲವೇನೋ.

ನೌಕರಿ ಬಿಟ್ಟು ಚುನಾವಣೆಗೆ ನಿಂತೆ. ಆ ಭಾಗದ ಮನೆಮನೆಯಲ್ಲೂ ನಾನು ಹೆರಿಗೆ ಮಾಡಿಸಿದ ಕೂಸುಗಳಿದ್ದವು. ಕನ್ನಡದವರ ಮನೆಯಲ್ಲಿ ಕನ್ನಡ, ಮರಾಠಿಯವರ ಮನೆಯಲ್ಲಿ ಮರಾಠಿ ಮಾತಾಡಿದೆ. ಗೆದ್ದೆ. ಹಾರ ಹಾಕಿಸಿಕೊಂಡು ಗುಲಾಲು ಬಳಿಸಿಕೊಂಡ ದಿನ, ಇನ್ನೊಂದು ವರ್ಷದಲ್ಲಿ ಕೋಣೆ ಎದ್ದು ನಿಲ್ಲುತ್ತದೆ ಎಂದು ಖರೇ ನಂಬಿದ್ದೆ.

ಸದನದಲ್ಲಿ ಡಾಕ್ಟರನಿಗೆ ಒಂದೇ ಕೆಲಸ ಎಂದು ಬೇಗ ಗೊತ್ತಾಯಿತು. ಮೊಗಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತರೆ ಎಡಗೈ ಚಾಚುವವರೇ ಎಲ್ಲ. "ಡಾಕ್ಟ್ರೇ, ಸ್ವಲ್ಪ ಬಿ.ಪಿ. ನೋಡಿ." "ಡಾಕ್ಟ್ರೇ, ಊಟ ಆದ ಮೇಲೆ ಎದೆ ಉರಿಯುತ್ತೆ." ನಾನು ಹೆರಿಗೆ ಡಾಕ್ಟರು ಎಂದರೆ, "ಪರವಾಗಿಲ್ಲ, ಎಲ್ಲಾ ಹೊಟ್ಟೆ ಒಂದೇ ಅಲ್ವಾ" ಎಂದು ನಗುತ್ತಿದ್ದರು. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವಿಲ್ಲದೆ ಎಲ್ಲರ ನಾಡಿ ಹಿಡಿದೆ. ನನ್ನ ಕೋಣೆಯ ಮಾತು ತೆಗೆದರೆ ಅವರಿಗೆಲ್ಲ ಒಮ್ಮೆಲೇ ಫೋನು ಬರುತ್ತಿತ್ತು.

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ನಡೆದಾಗ ಅನಗೋಳದ ನಮ್ಮ ಮನೆ ಛತ್ರವಾಗುತ್ತಿತ್ತು. ಸೌಧ ನೋಡುತ್ತೇವೆ, ಪಾಸು ಕೊಡಿಸಿ ಎಂದು ಊರವರು ಬುತ್ತಿ ಕಟ್ಟಿಕೊಂಡು ಬರುವರು. ಅಂಥದೊಂದು ಅಧಿವೇಶನದಲ್ಲಿ ನನ್ನ ಪ್ರಶ್ನೆ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಬಂತು, ಎಂದರೆ ಮಂತ್ರಿಗಳು ಎದ್ದು ನಿಂತು ಬಾಯಿಂದಲೇ ಉತ್ತರ ಕೊಡಬೇಕು. ನಮ್ಮ ಆಸ್ಪತ್ರೆಗೆ ಅರಿವಳಿಕೆ ವೈದ್ಯರನ್ನು ಯಾವಾಗ ನೇಮಿಸುತ್ತೀರಿ ಎಂದು ಕೇಳಿದ್ದೆ. ಮಂತ್ರಿಗಳು ಎದ್ದರು. "ಸದರಿ ಹುದ್ದೆ ಭರ್ತಿಯಾಗಿದೆ" ಎಂದು ಓದಿ ಕುಳಿತರು.

ನನಗೆ ತಲೆಯೇ ಓಡಲಿಲ್ಲ. ಆಮೇಲೆ ತಿಳಿಯಿತು. ಹುದ್ದೆ ಭರ್ತಿಯಾಗಿತ್ತು, ಡಾಕ್ಟರೂ ಇದ್ದರು, ಆದರೆ ಅವರು ನಿಯೋಜನೆಯ ಮೇಲೆ ದೂರದ ಬೇರೊಂದು ಊರಿನಲ್ಲಿದ್ದರು. ಪಗಾರ ನಮ್ಮ ಆಸ್ಪತ್ರೆಯ ಹೆಸರಿನಲ್ಲಿ, ಕೆಲಸ ಅಲ್ಲಿ. ಸದನದಲ್ಲಿ ಆಗ ಇದೊಂದೂ ಗೊತ್ತಿರಲಿಲ್ಲ, ನಾನು ಎದ್ದು, "ಮಾನ್ಯ ಅಧ್ಯಕ್ಷರೇ, ಆ ಡಾಕ್ಟರ ಮುಖವನ್ನು ನಮ್ಮ ಊರಿನ ನಾಯಿಯೂ ನೋಡಿಲ್ಲ" ಎಂದೆ. ಸದನ ನಕ್ಕಿತು. "ಆಯ್ತು, ಕೂತ್ಕೊಳ್ಳಿ ಡಾಕ್ಟ್ರೇ, ನಿಮಗೇ ಬಿ.ಪಿ. ಬರುತ್ತೆ" ಎಂದು ಪೀಠದಿಂದ ಬಂತು, ಮತ್ತೆ ನಕ್ಕರು. ಗ್ಯಾಲರಿಯಲ್ಲಿ ನಮ್ಮ ಊರವರು ಕುಳಿತಿದ್ದರು. ಸಂಜೆ ಮನೆಗೆ ಬಂದವರು, "ಭಾಳ ಚಲೋ ಮಾತಾಡಿದ್ರಿ ಸಾಹೇಬ್ರ, ಎಲ್ಲಾರೂ ನಕ್ರು" ಎಂದರು.

ಕೊನೆಗೆ ಕೆಲಸ ಆದದ್ದು ಪ್ರಶ್ನೆಯಿಂದಲ್ಲ, ಮಂತ್ರಿಗಳ ಊದಿದ ಕಾಲಿನಿಂದ. ಮೊಗಸಾಲೆಯಲ್ಲಿ ಅವರ ಬೂಟು ಬಿಚ್ಚಿಸಿ ಪಾದ ಒತ್ತಿ ನೋಡಿ, ಉಪ್ಪು ಬಿಡಿ, ಇಂಥ ಡಾಕ್ಟರಿಗೆ ತೋರಿಸಿ ಎಂದಿದ್ದೆ. ಬಾವು ಇಳಿಯಿತು. "ಏನ್ ಬೇಕು ಕೇಳಿ ಡಾಕ್ಟ್ರೇ" ಎಂದರು. ಕೇಳಿದೆ. ಕಟ್ಟಡ ಮಂಜೂರಾಯಿತು, ಹೆರಿಗೆ ಡಾಕ್ಟರಮ್ಮ ಒಬ್ಬರು ಬಂದರು, ಅರಿವಳಿಕೆಗೆ ಗುತ್ತಿಗೆಯ ಮೇಲೆ ಒಬ್ಬರನ್ನು ಇಟ್ಟುಕೊಳ್ಳಲು ಅಪ್ಪಣೆ ಸಿಕ್ಕಿತು. ಬೆಳಗಾವಿಯ ಹಳೆಯ ಮುಸಲ್ಮಾನ ಮನೆತನದ, ಸರ್ಕಾರಿ ಸೇವೆಯಿಂದ ನಿವೃತ್ತರಾಗಿದ್ದ ಹಿರಿಯ ಡಾಕ್ಟರೊಬ್ಬರು ಒಪ್ಪಿ ಬಂದರು. "ಮನ್ಯಾಗ ಕುಂತು ಬ್ಯಾಸರ ಬಂದೈತ್ರಿ, ಬೇಗಂ ಸೈತ ಹೊರಗ ಹೋಗ್ರಿ ಅಂತಾಳ" ಎಂದು ನಕ್ಕರು. ನನ್ನ ಅವಧಿಯ ಕೊನೆಯ ವರ್ಷ ಕೋಣೆ ಎದ್ದು ನಿಂತಿತು. ಮೇಜು, ದೀಪ, ಯಂತ್ರ, ಸಿಲಿಂಡರು ಎಲ್ಲ ಬಂತು. ನಾನೊಬ್ಬನೇ ಒಳಗೆ ಹೋಗಿ ಆ ಮೇಜಿನ ಮೇಲೆ ಕೈಯಾಡಿಸಿ ಅತ್ತುಬಿಟ್ಟೆ.

ಎಲ್ಲ ಇತ್ತು. ಉದ್ಘಾಟನೆ ಆಗಿರಲಿಲ್ಲ.

ನಮ್ಮಲ್ಲಿ ಬಸ್ ನಿಲ್ದಾಣದ ತಗಡಿನ ಮಾಡಿಗೂ ರಿಬ್ಬನ್ ಕತ್ತರಿಸಬೇಕು. ಅದಾಗುವ ತನಕ ಅದರ ಕೆಳಗೆ ಮಳೆಯಲ್ಲೂ ಯಾರೂ ನಿಲ್ಲುವುದಿಲ್ಲ. ಮಂತ್ರಿಗಳು ಮೊದಲ ಸಲ ಕೊಟ್ಟ ದಿನಕ್ಕೆ ಆಷಾಢ ಅಡ್ಡ ಬಂತು, ಆಷಾಢದಲ್ಲಿ ಶುಭಕಾರ್ಯ ಬೇಡ ಎಂದು ಅವರ ಮನೆಯವರೇ ಅಂದರಂತೆ. ಎರಡನೆಯ ದಿನಕ್ಕೆ ಎಲ್ಲಿಯದೋ ಉಪಚುನಾವಣೆ. ಮೂರನೆಯದಕ್ಕೆ ಅವರ ಪಕ್ಷದ ಹಿರಿಯರೊಬ್ಬರು ತೀರಿಕೊಂಡರು. ಅಲ್ಲಿಯವರೆಗೆ ಸುಮ್ಮನೆ ಶುರು ಮಾಡಿಬಿಡೋಣ ಎಂದು ನಾನು ಅಧಿಕಾರಿಗಳ ಬೆನ್ನು ಹತ್ತಿದೆ. "ಸರ್, ಶಿಷ್ಟಾಚಾರ ಉಲ್ಲಂಘನೆ ಆಗ್ತದ. ನಮ್ಮ ನೌಕರಿಗೆ ಬರ್ತದ" ಎಂದು ಕೈ ಮುಗಿದರು. ಹೊಸ ಬೀಗ ಹಾಕಿದ ಆ ಬಾಗಿಲ ಮುಂದೆಯೇ ಹೆಣ್ಣುಮಕ್ಕಳನ್ನು ಆಂಬುಲೆನ್ಸಿಗೆ ಹತ್ತಿಸಿ ಬೆಳಗಾವಿಗೆ ಕಳಿಸುತ್ತಿದ್ದರು. ಹಿರಿಯ ಡಾಕ್ಟರು ದಿನವೂ ಬಂದು, ವರಾಂಡದಲ್ಲಿ ಉರ್ದು ಪೇಪರ್ ಓದಿ ಹೋಗುತ್ತಿದ್ದರು.

ಡಿಸೆಂಬರಿನಲ್ಲಿ ಅಧಿವೇಶನಕ್ಕೆಂದು ಮಂತ್ರಿಗಳು ಬೆಳಗಾವಿಗೇ ಬಂದರು. ಸದನ ಊಟಕ್ಕೆ ಎದ್ದಾಗ ಬಂದು ರಿಬ್ಬನ್ ಕತ್ತರಿಸಿ ಹೋಗುತ್ತೇನೆ ಎಂದರು. ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ನರ್ಸುಗಳಿಗೆಲ್ಲ ಒಂದೇ ಬಣ್ಣದ ಹಸಿರು ಸೀರೆ. ಹಿಂದಿನ ಶೆಡ್ಡಿನಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಕೋಣೆಯ ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್, ಪಕ್ಕದ ಸ್ಟೂಲಿನ ಮೇಲೆ ತಟ್ಟೆ, ಅರಿಷಿಣ ಕುಂಕುಮ, ಕತ್ತರಿ. ಹೊರಗಿನ ಬಾಗಿಲಲ್ಲೇ ಮುಗಿಸಬೇಕು, ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಹೋಗಕೂಡದು ಎಂದು ನಾನು ಕಾರ್ಯಕರ್ತರ ಜೊತೆ ಜಗಳವಾಡಿ ಇಟ್ಟಿದ್ದೆ. ಉದ್ಘಾಟನೆಯ ಸಂತೋಷಕ್ಕೆ ಬೀಗ ಮುಂಜಾನೆಯೇ ತೆಗೆಸಿದ್ದೆ. ಹೆರಿಗೆ ಡಾಕ್ಟರಮ್ಮ ಮಾತ್ರ ಇರಲಿಲ್ಲ. ಮಂತ್ರಿಗಳಿಗೆ ಹೂಗುಚ್ಛ ಕೊಟ್ಟು ಅವರ ಜೊತೆಗೇ ಬರಬೇಕೆಂದು ಮೇಲಿನವರು ಬೆಳಗಾವಿಗೆ ಕರೆಸಿಕೊಂಡಿದ್ದರು.

ಮಂತ್ರಿಗಳು ಸೌಧದಿಂದ ಹೊರಟಿದ್ದಾರೆ ಎಂದು ಫೋನು ಬಂದ ಹೊತ್ತಿಗೇ ಗೇಟಿನಲ್ಲಿ ಗದ್ದಲವಾಯಿತು. ಒಂದು ಟಂಟಂ ರಿಕ್ಷಾ ಬಂದು ನಿಂತಿತ್ತು. ಕಾರ್ಯಕ್ರಮ ಮುಗಿಯುವ ತನಕ ಯಾವ ಗಾಡಿಯೂ ಒಳಗೆ ಬರಕೂಡದೆಂದು ಪೊಲೀಸರು ತಡೆದಿದ್ದರು. ಒಳಗಿದ್ದ ಮುದುಕಿ ಪೊಲೀಸಪ್ಪನಿಗೆ ಹೇಳುತ್ತಿದ್ದಳು: "ನಿಮ್ಮ ಮಂತ್ರಿಗೂ ಯಾವಾಕಿರ ಹಡದಿರಬೇಕಲ್ಲಪಾ. ಬಾಜು ಸರಿ." ಹಿಂದೆ ಸೀಟಿನ ಮೇಲೆ ಅವಳ ಸೊಸೆ ಮುದುಡಿ ಮಲಗಿದ್ದಳು. ಅವಳ ಗಂಡ ಗೋವಾದಲ್ಲಿ ದುಡಿಯುತ್ತಿದ್ದ. ನಾನೇ ಓಡಿ ಹೋಗಿ ಗೇಟು ತೆಗೆಸಿದೆ.

ಹೆರಿಗೆ ಕೋಣೆಯಲ್ಲಿ ನೋಡಿದೆ. ಕೂಸಿನ ತಲೆಗಿಂತ ಮೊದಲು ಹೊಕ್ಕುಳಬಳ್ಳಿ ಜಾರಿ ಹೊರಗೆ ಬಂದಿತ್ತು. ಪ್ರತಿ ಬ್ಯಾನಿಗೂ ತಲೆ ಆ ಬಳ್ಳಿಯನ್ನು ಅಮುಕುತ್ತದೆ, ಕೂಸಿಗೆ ಉಸಿರು ನಿಲ್ಲುತ್ತದೆ. ಹಿರಿಯ ನರ್ಸು ಹಸಿರು ಸೀರೆಯ ಸೆರಗು ಸಿಕ್ಕಿಸಿಕೊಂಡು ಕೈ ಒಳಗೆ ಹಾಕಿ ತಲೆಯನ್ನು ಮೇಲಕ್ಕೆ ಒತ್ತಿ ಹಿಡಿದರು. "ಸರ್, ಬಡಿತ ಇನ್ನೂ ಐತ್ರಿ. ನಾ ಕೈ ತಗದ್ರ ಹೋತು" ಎಂದರು. ಈ ಹೆಣ್ಣುಮಗಳನ್ನು ಬೆಳಗಾವಿಗೆ ಕಳಿಸಿದರೆ ಉದ್ಯಮಬಾಗ ಬಿಡಿ, ಖಾನಾಪುರ ಮುಟ್ಟುವುದರೊಳಗೆ ಕೂಸು ಇರುತ್ತಿರಲಿಲ್ಲ.

"ರೆಡಿ ಮಾಡ್ರಿ" ಎಂದೆ. ಅರಿವಳಿಕೆಯ ಡಾಕ್ಟರು ಪೇಪರ್ ಮಡಚಿಟ್ಟು ಆಗಲೇ ಎದ್ದಿದ್ದರು. "ಮಷೀನ್ ತಯಾರ ಐತ್ರಿ ಡಾಕ್ಟರ್ ಸಾಬ. ಬಾಗಿಲಾ ಒಂದ ಬಿಡಸ್ರಿ" ಎಂದರು.

ಬಾಗಿಲ ಮುಂದೆ ನನ್ನ ಪಿ.ಎ. ಎರಡೂ ಕೈ ಅಗಲಿಸಿ ನಿಂತಿದ್ದ. ಒಳ್ಳೆಯ ಮನುಷ್ಯ, ನನ್ನ ಮೇಲೆ ಜೀವ ಇಟ್ಟವನು. "ಸಾಹೇಬ್ರ, ನಿಮ್ಮ ಕಾಲ ಬೀಳ್ತೀನಿ. ಮಂತ್ರಿಗಳು ಬೆಳಗಾವಿ ದಾಟಾಕತ್ಯಾರ. ಇದನ್ನ ಕತ್ತರಿಸಿದ್ರ ನಿಮ್ಮ ಟಿಕೆಟ್ ಇಲ್ಲೇ ಕತ್ತರಿಸಿ ಹೋಗ್ತೈತಿ. ಕತ್ತರಿ ಬ್ಯಾಡ್ರಿ. ಒಂದ ಕಡಿ ಬಿಚ್ಚೂಣು, ಒಳಗ ಒಯ್ಯೂಣು, ಆಮ್ಯಾಲ ಮತ್ತ ಕಟ್ಟೂಣು."

ನನಗೂ ಅದು ಸರಿ ಅನ್ನಿಸಿತು. ಟಿಕೆಟ್ಟಿನ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಇಬ್ಬರೂ ಗಂಟು ಬಿಚ್ಚಲು ಹೋದೆವು. ಕಾರ್ಯಕರ್ತರು ಗಾಳಿಗೆ ಹಾರೀತೆಂದು ಗಂಟಿನ ಮೇಲೆ ಗಂಟು ಹಾಕಿ ಮೊಳೆ ಹೊಡೆದಿದ್ದರು. ಉಗುರು ಕಿತ್ತವೇ ಹೊರತು ಅದು ಬಿಚ್ಚಲಿಲ್ಲ. ಹಿಂದೆ ಗಾಲಿ ಮಂಚ ಬಂದು ನಿಂತಿತು. ಅದರ ಮೇಲೆ ಆ ಹೆಣ್ಣುಮಗಳು, ಪಕ್ಕದಲ್ಲಿ ಬಾಗಿ ನಡೆದು ಬಂದ ನರ್ಸು, ಅವರ ಕೈ ಇನ್ನೂ ಒಳಗೇ ಇತ್ತು. "ಸರ್" ಎಂದರು, ಅಷ್ಟೇ. ಬಡಿತ ಇಳಿಯುತ್ತಿದೆ ಎಂದು ಮುಖದಿಂದಲೇ ತಿಳಿಯಿತು. ನಾನು ಸ್ಟೂಲಿನ ಮೇಲಿನ ಕತ್ತರಿ ಎತ್ತಿಕೊಂಡು ರಿಬ್ಬನ್ ಕತ್ತರಿಸಿದೆ.

ಶಾಮಿಯಾನದ ಕಡೆಯಿಂದ ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದರು. ಆಗ ನನಗೆ ಅದು ಗೊತ್ತಾಗಲಿಲ್ಲ.

ಹಿರಿಯ ಡಾಕ್ಟರು ಅವಳ ಹಣೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಸಮಾಧಾನ ಹೇಳಿದರು, ಅವಳು ಮಂಪರಿಗೆ ಜಾರಿದಳು. "ಹೂಂ" ಎಂದು ನನಗೆ ಸನ್ನೆ ಮಾಡಿದರು. ನಾನು ಕೊಯ್ದೆ. ವರ್ಷಗಳಿಂದ ಮದುವೆ ಮನೆ, ಸತ್ತವರ ಮನೆ, ಭೂಮಿಪೂಜೆ ಎಂದು ತಿರುಗಿದ್ದ ಕೈ, ಆದರೂ ಮರೆತಿರಲಿಲ್ಲ. ಹೊರಗೆ ಧ್ವನಿವರ್ಧಕ ಕೂಗುತ್ತಿತ್ತು, ಇನ್ನು ಕೆಲವೇ ಕ್ಷಣಗಳಲ್ಲಿ ಮಾನ್ಯ ಸಚಿವರು ನಮ್ಮ ನಡುವೆ ಎಂದು. ಕೂಸನ್ನು ಹೊರಗೆ ತೆಗೆದಾಗ ಅದು ನೀಲಿಯಾಗಿತ್ತು, ಜೋತು ಬಿದ್ದಿತ್ತು. ನರ್ಸು ಅದನ್ನು ಇಸಿದುಕೊಂಡು ಒರೆಸಿದರು, ಬಾಯಿ ಮೂಗು ಸ್ವಚ್ಛ ಮಾಡಿದರು, ಉಸಿರು ತುಂಬಿದರು. ನಾನು ತಾಯಿಯ ಹೊಟ್ಟೆ ಹೊಲಿಯುತ್ತ ಕಿವಿಯನ್ನೆಲ್ಲ ಆ ಮೂಲೆಗೆ ಇಟ್ಟಿದ್ದೆ. ಧ್ವನಿವರ್ಧಕ ನಿಂತುಹೋಯಿತು. ಆ ಮೇಲೆ ಕೂಸು ಅತ್ತಿತು. ಹೆಣ್ಣು ಕೂಸು.

ಹೊರಗೆ ಬಂದಾಗ ಶಾಮಿಯಾನ ಬರಿದಾಗಿತ್ತು. ಕುರ್ಚಿಗಳ ನಡುವೆ ಪಿ.ಎ. ಒಬ್ಬನೇ ಕುಳಿತು ಮೊಬೈಲು ನೋಡುತ್ತಿದ್ದ. ನನಗೂ ತೋರಿಸಿದ. ಅದರಲ್ಲಿ ಗಾಲಿ ಮಂಚವಿಲ್ಲ, ನರ್ಸು ಇಲ್ಲ, ಹೆಣ್ಣುಮಗಳಿಲ್ಲ. ಹಲ್ಲು ಕಚ್ಚಿಕೊಂಡು ಕತ್ತರಿ ಹಿಡಿದ ನಾನೊಬ್ಬ. ಮಂತ್ರಿಗಳು ಬರುವ ಮೊದಲೇ ಶಾಸಕರೇ ಉದ್ಘಾಟನೆ ಮಾಡಿಕೊಂಡರು ಎಂದು ಮೇಲೆ ಬರೆದಿದ್ದರು. ಅದು ಮಂತ್ರಿಗಳ ಕಾರಿಗೆ ನಮಗಿಂತ ಮೊದಲು ಮುಟ್ಟಿತ್ತು. ಉದ್ಯಮಬಾಗದ ಹತ್ತಿರ ಕಾರುಗಳೆಲ್ಲ ತಿರುಗಿ ವಾಪಸು ಹೋದವಂತೆ. "ಕೂಸು?" ಎಂದು ಪಿ.ಎ. ಕೇಳಿದ. ಬದುಕಿತು ಎಂದೆ. ಅವನು ಮುಖ ಮುಚ್ಚಿಕೊಂಡು ಅತ್ತ, ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಮರುದಿನ ಮಂತ್ರಿಗಳು ಇಳಿದುಕೊಂಡಿದ್ದಲ್ಲಿಗೆ ಹಾರ, ಶಾಲು ಹಿಡಿದುಕೊಂಡು ಹೋದೆ. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದವರಿಗೆ ಎದುರು ಮಾತಾಡಬಹುದು. "ನನಗೇನೂ ಬೇಜಾರಿಲ್ಲ ಡಾಕ್ಟ್ರೇ, ಕೂಸು ಉಳೀತಲ್ಲ, ಅದೇ ಮುಖ್ಯ. ಆದರೆ ಕಾರ್ಯಕರ್ತರಿಗೆ ನೋವಾಗಿದೆ ನೋಡಿ" ಎಂದು ನನ್ನ ಭುಜ ತಟ್ಟಿದರು. "ಹಾಗಾದರೆ ಕೋಣೆ ಶುರು ಮಾಡಬಹುದಾ ಸರ್?" ಎಂದೆ. "ಉದ್ಘಾಟನೆ ಆಗ್ಲಿ, ಮಾಡೋಣ" ಎಂದರು. "ಇನ್ನೊಮ್ಮೆ ರಿಬ್ಬನ್ ಕಟ್ಟಿಸುತ್ತೇನೆ, ನಾಳೆಯೇ ಬನ್ನಿ" ಎಂದೆ. ನಕ್ಕರು. ಅವರ ಕಾಲು ಮತ್ತೆ ಊದಿತ್ತು, ಆದರೆ ಅದನ್ನು ನನಗೆ ತೋರಿಸಲಿಲ್ಲ.

ವಾರದೊಳಗೆ ಆದೇಶ ಬಂತು. ಉದ್ಘಾಟನೆಯಾಗದ ಕಟ್ಟಡದಲ್ಲಿ, ಸೇವೆಯಲ್ಲಿಲ್ಲದ ವ್ಯಕ್ತಿ ಶಸ್ತ್ರಚಿಕಿತ್ಸೆ ಮಾಡಿದ್ದರ ಬಗ್ಗೆ ವಿಚಾರಣೆ, ಅದು ಮುಗಿಯುವ ತನಕ ಕೋಣೆಗೆ ಬೀಗ ಮತ್ತು ಅರಗಿನ ಮುದ್ರೆ. ಸೇವೆಯಲ್ಲಿಲ್ಲದ ವ್ಯಕ್ತಿ ಎಂದರೆ ನಾನು. ಹಿರಿಯ ಡಾಕ್ಟರ ಗುತ್ತಿಗೆ ಮುಂದುವರಿಯಲಿಲ್ಲ. ಹೋಗುವ ದಿನ ಅವರು ನನ್ನ ಕೈ ಹಿಡಿದು, "ಒಬ್ಬಾಕಿಗೆ ಭೂಲ್ ಕೊಟ್ಟೆ, ಒಂದ ಕೂಸ ಬಂತು. ನನ್ನ ಲೆಕ್ಕ ಸಾಫ್ ಐತ್ರಿ. ನಿಮ್ಮದ ನಂಗ ಚಿಂತಿ" ಎಂದರು. ಆ ಕಡೆ ಅರಿವಳಿಕೆಗೆ ಮರಾಠಿಯವರಂತೆ ಭೂಲ್ ಎನ್ನುವುದೇ ವಾಡಿಕೆ.

ಟಿಕೆಟ್ ಬೇರೆಯವರಿಗೆ ಹೋಯಿತು. ಅವರೂ ಸೋತರು, ಎದುರಿನ ಪಕ್ಷದವರು ಗೆದ್ದರು. ನಾನು ಅನಗೋಳದ ಮನೆಯ ಮುಂದಿನ ಖೋಲಿಯಲ್ಲಿ ಮತ್ತೆ ರೋಗಿಗಳನ್ನು ನೋಡಲು ಕುಳಿತೆ. ಸೋಲಿನ ದುಃಖ ನನಗೆ ಅಷ್ಟಾಗಿ ತಟ್ಟಲಿಲ್ಲ. ತಟ್ಟಿದ್ದು ಬೇಸಿಗೆಯಲ್ಲಿ ಬಂದ ಒಬ್ಬ ಮನುಷ್ಯ. ಅವನ ಹೆಂಡತಿಯನ್ನು ಆ ಆಸ್ಪತ್ರೆಯಿಂದ ಬೆಳಗಾವಿಗೆ ಕಳಿಸಿದ್ದರು, ಹಾದಿಯಲ್ಲಿ ಕೂಸು ಹೋಗಿತ್ತು. ಕೆಲಸವಿದೆಯೆಂದು ಬಂದವನಲ್ಲ, ಸುಮ್ಮನೆ ಬಂದು ಬಾಗಿಲಲ್ಲಿ ನಿಂತ. "ಕೋಣಿ ಅಲ್ಲೇ ಇತ್ತಲ್ರಿ ಸಾಹೇಬ್ರ" ಎಂದ. "ನಾವು ಅದರ ಮುಂದನ ಹಾದ ಬಂದ್ವಿ." ಹೌದಪ್ಪ ಎಂದೆ. ಅವನು ಹೋದ ಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಒಂದು ಕೂಸನ್ನು ಉಳಿಸಿ ಅದೇ ಕೈಯಿಂದ ಎಷ್ಟು ಕೂಸುಗಳ ಬಾಗಿಲು ಮುಚ್ಚಿದೆನೋ. ಹಾಗಂತ ಆವತ್ತು ಕತ್ತರಿ ಕೆಳಗಿಡಬೇಕಿತ್ತೇ? ಇಡುವುದಿಲ್ಲ. ನೂರು ಸಲ ಕೇಳಿದರೂ ಇಡುವುದಿಲ್ಲ. ಆ ಸಿಟ್ಟಿಗೇ ನನಗೆ ನಿದ್ದೆ ಬರುವುದಿಲ್ಲ.

ಹೊಸ ಶಾಸಕರ ಮನೆಗೆ ಹೋದೆ. ನಾನು ಸದಸ್ಯನಾಗಿದ್ದಾಗ ನನ್ನ ಮನೆಯ ಕಟ್ಟೆಯ ಮೇಲೆ ಜನ ಹೇಗೆ ಕುಳಿತಿರುತ್ತಿದ್ದರೋ ಹಾಗೇ ಕುಳಿತೆ. ಅವರು ಗೌರವದಿಂದಲೇ ಒಳಗೆ ಕರೆದರು. "ಬರ್ರಿ ಡಾಕ್ಟ್ರ, ಕುಂದರ್ರಿ, ಚಹಾ ತಗೋರಿ." ವಿಚಾರಣೆ ಮುಗಿದಿದೆ, ಅದರಲ್ಲಿ ಯಾರ ತಪ್ಪೂ ಕಂಡಿಲ್ಲ, ಆದರೂ ಅರಗು ತೆಗೆದಿಲ್ಲ, ಕೋಣೆ ತೆರೆಸಿ ಎಂದೆ. "ಅದು ನಿಮ್ಮ ಕಾಲದ ಕೆಲಸ. ಕಲ್ಲಿನ ಮ್ಯಾಲ ನಿಮ್ಮ ಹೆಸರ ಐತಿ, ಆ ಮಂತ್ರಿ ಹೆಸರ ಐತಿ. ನಾ ಹೋಗಿ ಅದಕ್ಕ ರಿಬ್ಬನ್ ಕತ್ತರಿಸಿದ್ರ ನಮ್ಮ ಮಂದಿ ನಗತಾರ" ಎಂದರು.

"ಕಲ್ಲು ಕಿತ್ತು ಒಗೀರಿ. ನಿಮ್ಮ ಹೆಸರಿನ ಕಲ್ಲು ಹಾಕ್ರಿ" ಎಂದೆ.

ಅವರು ನನ್ನ ಮುಖ ನೋಡಿದರು. ನಾನು ಚೇಷ್ಟೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕಿರಬೇಕು. ಆ ಮೇಲೆ ಮೆತ್ತಗಾದರು. ಈಗಿನ ಮಂತ್ರಿಗಳನ್ನು ಕರೆಸುತ್ತೇನೆ, ಆದರೆ ಶ್ರಾವಣದಲ್ಲಿ ಅವರಿಗೆ ಪುರಸೊತ್ತಿಲ್ಲ, ಆ ಮೇಲೆ ಪಿತೃಪಕ್ಷ, ದೀಪಾವಳಿ ಆಗಲಿ ಎಂದರು. ಸಿಬ್ಬಂದಿಯನ್ನೂ ಆಗಲೇ ಕೊಡಿಸುತ್ತೇನೆ ಎಂದರು. "ಒಂದ ಮಾತ ಡಾಕ್ಟ್ರ. ಆ ಊರಾಗ ನಮಗ ಮಂದಿ ಕಡಿಮಿ. ಮಂತ್ರಿ ಬಂದಾಗ ಖುರ್ಚಿ ಖಾಲಿ ಇರಬಾರದು. ನಿಮ್ಮ ಮಾತ ಅಲ್ಲಿ ಇನ್ನೂ ನಡೀತೈತಿ. ಹೆಣ್ಮಕ್ಕಳನ್ನ ನೀವ ಕೂಡಸ್ಬೇಕು." ಕೂಡಿಸುತ್ತೇನೆ ಎಂದೆ.

ಭಾದ್ರಪದದ ಒಂದು ಭಾನುವಾರ ಆ ಹಳ್ಳಿಗಳಿಗೆ ಹೋಗಿ ಮನೆಮನೆ ಸುತ್ತಿದೆ. ನನ್ನ ವಿರೋಧಿಯ ಕಾರ್ಯಕ್ರಮಕ್ಕೆ ನಾನೇ ಜನ ಕೂಡಿಸುವುದನ್ನು ನೋಡಿ ಹಳೆಯ ಕಾರ್ಯಕರ್ತರು ಮುಖ ತಿರುಗಿಸಿದರು. ಒಬ್ಬ, "ಎಷ್ಟರ ನಾಚಿಕಿ ಬಿಟ್ರಿ ಸಾಹೇಬ್ರ" ಎಂದ. ಪೂರಾ ಬಿಟ್ಟೀನಪಾ ಎಂದೆ. ಹಾಗೆ ಸುತ್ತುತ್ತ, ಆವತ್ತು ನಾನು ಆಪರೇಷನ್ ಮಾಡಿದ ಹೆಣ್ಣುಮಗಳ ಮನೆಗೂ ಹೋದೆ. ಕೂಸು ಅಂಬೆಗಾಲಿಡುತ್ತ ಹೊಸ್ತಿಲು ದಾಟಲು ನೋಡುತ್ತಿತ್ತು. ಪೊಲೀಸಪ್ಪನಿಗೆ ದಬಾಯಿಸಿದ್ದ ಅತ್ತೆ ಜಮಖಾನ ಹಾಸಿದಳು. ಸೊಸೆ ಚಹಾ ಇಟ್ಟಳು. ಉದ್ಘಾಟನೆಗೆ ಮನೆಮಂದಿಯೆಲ್ಲ ಬರಬೇಕು ಎಂದೆ.

"ಬರ್ತೀವ್ರಿ, ನೀವು ಕರದ್ರ ಬ್ಯಾಡ ಅಂತೀವೇನು" ಎಂದಳು ಸೊಸೆ. "ಯಾವಾಗೈತ್ರಿ?"

ದೀಪಾವಳಿ ಆದ ಮೇಲೆ ಎಂದೆ. ಅತ್ತೆ, ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆ ಮನೆಯ ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು, ಮನೆಯ ಕಿರಿಯ ಸೊಸೆ, ತುಂಬಿದ ಬಸುರಿ. "ನಮ್ಮ ನೆಗೆಣ್ಣಿಗೆ ನವರಾತ್ರಿಗೇ ದಿನಾ ತುಂಬತಾವ್ರಿ" ಎಂದಳು ಹಿರಿಯವಳು. "ಸ್ಕ್ಯಾನಿಂಗಿನವರು ಕೂಸ ಅಡ್ಡ ಐತಿ ಅಂದಾರ."

ಒಳಗಿನ ಖೋಲಿಯಲ್ಲಿ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ತಲೆ ಬಲ ಮಗ್ಗುಲಲ್ಲಿತ್ತು. ಇನ್ನೂ ತಿರುಗಬಹುದು, ತಿರುಗದೆಯೂ ಇರಬಹುದು. ತಿರುಗದಿದ್ದರೆ ಕೊಯ್ಯುವುದೊಂದೇ ದಾರಿ. ಹೊರಗೆ ಬಂದು ಕೈ ತೊಳೆದುಕೊಳ್ಳುವಾಗ ಅತ್ತೆ ನೀರು ಹಾಕುತ್ತ ಮೆಲ್ಲಗೆ ಕೇಳಿದಳು: "ಅಲ್ರಿ ಸಾಹೇಬ್ರ, ಆವತ್ತ ನೀವ ಕತ್ತರಿಸಿ ಒಳಗ ಒಯ್ದ್ರಿ. ಈಗ ಯಾಕ ಆಗಂಗಿಲ್ಲ?"

ಆವತ್ತು ಅಡ್ಡ ಇದ್ದದ್ದು ರಿಬ್ಬನ್, ಈಗ ಇರುವುದು ಸರ್ಕಾರದ ಅರಗು ಎಂದು ಹೇಳಬೇಕಿತ್ತು. ಒಳಗೆ ಸಿಲಿಂಡರು ಖಾಲಿ, ಭೂಲ್ ಕೊಡುವವರು ಇಲ್ಲ, ನಾನು ಈಗ ಯಾರೂ ಅಲ್ಲ ಎಂದೂ ಹೇಳಬೇಕಿತ್ತು. "ಈಗ ಆಗಂಗಿಲ್ಲ ಯವ್ವಾ" ಎಂದೆ.

"ಹಂಗಾರ ಏನ್ ಮಾಡೂಣ್ರಿ?"

"ಬೆಳಗಾವ್ಯಾಗ ನಿಮ್ಮವರು ಯಾರರ ಅದಾರೇನು?"

ಕಿರಿಯ ಸೊಸೆಯ ಅಣ್ಣ ಇದ್ದ, ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ, ಒಂದೇ ಖೋಲಿಯ ಬಾಡಿಗೆ ಮನೆ, ಅದರಲ್ಲಿ ಐದು ಜನ. ಸಾಕು, ಈಗಿನಿಂದಲೇ ಅಲ್ಲಿಗೆ ಕಳಿಸಿಬಿಡಿ, ದಿನ ತುಂಬುವ ತನಕ ಕಾಯಬೇಡಿ ಎಂದೆ. ಕಿರಿಯವಳು ಅತ್ತೆಯ ಸೆರಗು ಹಿಡಿದುಕೊಂಡು ನಿಂತಿದ್ದಳು. "ಅಲ್ಲೆ ಮಲಗಾಕ ಜಾಗಾ ಇಲ್ರಿ" ಎಂದಳು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಇನ್ನೂ ಎಷ್ಟೋ ಮನೆಗಳಿಗೆ ಹೋಗುವುದಿತ್ತು. ಅಂಗಳ ದಾಟುವ ಮೊದಲು ತಿರುಗಿ ನಿಂತು, ದೀಪಾವಳಿ ಆದ ಮೇಲೆ ಕಾರ್ಯಕ್ರಮಕ್ಕೆ ಮೂವರೂ ತಪ್ಪದೆ ಬರಬೇಕು, ಓಣಿಯ ಹೆಣ್ಣುಮಕ್ಕಳನ್ನೂ ಕರೆತರಬೇಕು ಎಂದು ಇನ್ನೊಮ್ಮೆ ಹೇಳಿದೆ.